ತಿಂಗಳಿಗೆ ಐದು ಸಾವಿರ ಉಳಿದರೆ ಎಲ್ಲಿ ಹಾಕೋದು: ಚೀಟಿಗಾ, ಆರ್.ಡಿ.ಗಾ, ಚಿನ್ನದ ಸ್ಕೀಮಿಗಾ?

ಬಾಡಿಗೆ, ಹಾಲು, ಗ್ಯಾಸು, ದಿನಸಿ, ಕರೆಂಟ್ ಬಿಲ್ಲು ಎಲ್ಲಾ ಕಳೆದು ತಿಂಗಳಿಗೆ ಐದು ಸಾವಿರದ ಹತ್ತಿರ ಉಳಿಯೋಕೆ ಶುರುವಾದಾಗ ನಮ್ಮ ಮನೆಗೆ ಸಲಹೆಗಳು ಸಾಲಾಗಿ ಬಂದವು. ಪಕ್ಕದ ಮನೆ ಅಕ್ಕ ಚೀಟಿಗೆ ಸೇರಿಕೋ, ಒಂದು ಜಾಗ ಖಾಲಿ ಇದೆ ಅಂದರು. ಅತ್ತೆ ಚಿನ್ನದ ಸ್ಕೀಮು ಕಟ್ಟು, ಮಗಳಿದ್ದಾಳೆ ಅಂದರು. ಅಮ್ಮ ಮಾತ್ರ ಪೋಸ್ಟಾಫೀಸಿನ ಆರ್.ಡಿ. (ತಿಂಗಳಿಗೆ ಇಷ್ಟು ಅಂತ ಕಟ್ಟುವ ಠೇವಣಿ) ಬಿಟ್ಟು ಬೇರೆ ಹೆಸರೇ ಎತ್ತಲಿಲ್ಲ. ಅದಕ್ಕೆ ಒಂದು ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೂರನ್ನೂ ಬೇರೆ ಬೇರೆ ಸಮಯದಲ್ಲಿ ಕಟ್ಟಿ ನೋಡಿದ್ದೇನೆ. ನನಗೆ ಗೊತ್ತಾದದ್ದು ಇಷ್ಟು: ಯಾವುದರಲ್ಲಿ ಲಾಭ ಜಾಸ್ತಿ ಎಂದು ಬಾಯಿಮಾತಲ್ಲಿ ಕೇಳುತ್ತಾ ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಯಾಕೆಂದರೆ ಒಬ್ಬೊಬ್ಬರೂ ಲಾಭವನ್ನು ಒಂದೊಂದು ಥರ ಹೇಳುತ್ತಾರೆ. ಚೀಟಿಯವರು ಡಿವಿಡೆಂಡ್ ಅನ್ನುತ್ತಾರೆ, ಚಿನ್ನದಂಗಡಿಯವರು ಒಂದು ಕಂತು ಫ್ರೀ ಅನ್ನುತ್ತಾರೆ, ಪೋಸ್ಟಾಫೀಸಿನವರು ವರ್ಷಕ್ಕೆ ಇಷ್ಟು ಪರ್ಸೆಂಟ್ ಅನ್ನುತ್ತಾರೆ. ಎಲ್ಲವನ್ನೂ ಒಂದೇ ಅಳತೆಗೆ ತಂದರೆ ಮಾತ್ರ ಹೋಲಿಸೋಕೆ ಆಗೋದು.

ಆ ಅಳತೆ ನಮ್ಮ ಹತ್ತಿರ ಮೊದಲಿನಿಂದಲೂ ಇದೆ. ನಮ್ಮ ಕಡೆ ಕೈಸಾಲ ಕೊಡುವವರು ಪರ್ಸೆಂಟ್ ಲೆಕ್ಕ ಹೇಳುವುದಿಲ್ಲ, "ಎರಡು ರೂಪಾಯಿ ಬಡ್ಡಿ" ಅನ್ನುತ್ತಾರೆ. ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ 24. ನಾನು ಎಲ್ಲವನ್ನೂ ಇದೇ ಲೆಕ್ಕಕ್ಕೆ ಇಳಿಸುತ್ತೇನೆ. ವರ್ಷಕ್ಕೆ 6 ಪರ್ಸೆಂಟ್ ಅಂದರೆ ಐವತ್ತು ಪೈಸೆ ಬಡ್ಡಿ. 12 ಅಂದರೆ ಒಂದು ರೂಪಾಯಿ ಬಡ್ಡಿ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅದು ತಿಂಗಳಿಗೆ ಮೂರು, ಮೂರೂವರೆ ರೂಪಾಯಿ ಬಡ್ಡಿ ತಿನ್ನುತ್ತಿರುತ್ತದೆ. ಕೈಸಾಲವೂ ಹಾಗೆಯೇ, ಕೆಲವು ಕಡೆ ಐದು ರೂಪಾಯಿ. ಅಂಥ ಸಾಲ ಇಟ್ಟುಕೊಂಡು ಐವತ್ತು ಪೈಸೆಗೆ ದುಡ್ಡು ಕೂಡಿಡುವುದರಲ್ಲಿ ಅರ್ಥ ಇಲ್ಲ. ಆ ಐದು ಸಾವಿರ ಮೊದಲು ಸಾಲಕ್ಕೇ ಹೋಗಲಿ. ಈ ಬರಹದ ಉಳಿದ ಭಾಗವನ್ನು ಸಾಲ ತೀರಿದ ಮೇಲೆ ಓದಿದರೂ ಆಗುತ್ತದೆ, ನಿಜವಾಗಿ ಹೇಳುತ್ತಿದ್ದೇನೆ.

ಚೀಟಿ

ಒಂದು ಲಕ್ಷದ ಚೀಟಿ ತೆಗೆದುಕೊಳ್ಳೋಣ. 20 ಜನ, 20 ತಿಂಗಳು, ತಿಂಗಳಿಗೆ 5,000. ಪ್ರತಿ ತಿಂಗಳೂ ಹರಾಜು. ಯಾರು ಹೆಚ್ಚು ಬಿಟ್ಟುಕೊಟ್ಟು ಕೂಗುತ್ತಾರೋ ಚೀಟಿ ಅವರದ್ದು. ಮೊದಲ ತಿಂಗಳು ಒಬ್ಬರು 25,000 ಬಿಟ್ಟು 75,000 ಎತ್ತಿದರು ಅನ್ನಿ. ಆ 25,000ದಲ್ಲಿ ನಡೆಸುವವರ ಕಮಿಷನ್ 5,000. ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 1,000, ಇದನ್ನೇ ಡಿವಿಡೆಂಡ್ ಅನ್ನುವುದು. ಹಾಗಾಗಿ ಆ ತಿಂಗಳು ಎಲ್ಲರೂ 4,000 ಕಟ್ಟಿದರೆ ಸಾಕು. ತಿಂಗಳು ಕಳೆದ ಹಾಗೆ ಕೂಗು ಇಳಿಯುತ್ತದೆ, ಕೊನೆಯ ತಿಂಗಳು ಕಮಿಷನ್ ಬಿಟ್ಟು ಬೇರೇನೂ ಕಳೆಯುವುದಿಲ್ಲ. ಕೂಗು ಒಂದೇ ಸಮನೆ ಇಳಿಯುತ್ತಾ ಬಂತು ಎಂದು ಹಿಡಿದರೆ, 20 ತಿಂಗಳಲ್ಲಿ ಪ್ರತಿಯೊಬ್ಬರೂ ಕಟ್ಟುವುದು ಒಟ್ಟು 90,000.

ಈಗ ನೋಡಿ. ಕೊನೆಗೆ ಎತ್ತುವವರಿಗೆ 95,000 ಸಿಗುತ್ತದೆ. 5,000 ಲಾಭ. ಕೇಳೋಕೆ ಚೆನ್ನಾಗಿದೆ, ಆದರೆ ಯಾವ ಕಂತು ಎಷ್ಟು ತಿಂಗಳು ಕೂತಿತ್ತು ಎಂದು ಲೆಕ್ಕ ಹಾಕಿದರೆ ಅದು ಸುಮಾರು 61 ಪೈಸೆ ಬಡ್ಡಿ. ಪೋಸ್ಟಾಫೀಸಿನ ಆರ್.ಡಿ. ಕೊಡುವುದು 56 ಪೈಸೆ. ಅಂದರೆ ಇಪ್ಪತ್ತು ತಿಂಗಳು ಹತ್ತೊಂಬತ್ತು ಜನರನ್ನು ನಂಬಿ ಕೂತದ್ದಕ್ಕೆ ಸಿಕ್ಕ ಹೆಚ್ಚುವರಿ ಐದು ಪೈಸೆ!

ಮೊದಲ ತಿಂಗಳು ಎತ್ತಿದವರ ಲೆಕ್ಕ ಬೇರೆ. ಅವರ ಕೈಗೆ ಬಂದದ್ದು 75,000, ಕಟ್ಟುವುದು 90,000. ಇದು ಎರಡು ರೂಪಾಯಿ ಬಡ್ಡಿಗೆ ಬಹಳ ಹತ್ತಿರ. ಮಧ್ಯದಲ್ಲಿ ಎತ್ತುವವರಿಗೆ ಸುಮಾರು 85,000 ಬರುತ್ತದೆ, ಕಟ್ಟುವುದು ಅದೇ 90,000.

ಕಮಿಷನ್ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಚೀಟಿಗಳಿಗೆ 1982ರ ಚಿಟ್ ಫಂಡ್ ಕಾಯ್ದೆ ಇದೆ. ಅದರಲ್ಲಿ ನಡೆಸುವವರ ಕಮಿಷನ್ 5 ಪರ್ಸೆಂಟ್ ಮೀರಬಾರದು ಎಂದಿತ್ತು. 2019ರ ತಿದ್ದುಪಡಿಯಲ್ಲಿ ಅದನ್ನು 7ಕ್ಕೆ ಏರಿಸಿದರು. ಎರಡೇ ಪರ್ಸೆಂಟ್ ತಾನೇ ಅನ್ನಿಸುತ್ತದೆ ಅಲ್ವಾ? ಅದೇ ಚೀಟಿಗೆ 7 ಹಾಕಿ ನೋಡಿ. ಪ್ರತಿಯೊಬ್ಬರೂ ಕಟ್ಟುವುದು 91,000 ಆಗುತ್ತದೆ, ಕೊನೆಯವರಿಗೆ ಸಿಗುವುದು 93,000. ಲಾಭ 5,000ದಿಂದ 2,000ಕ್ಕೆ ಇಳಿಯಿತು. ಬಡ್ಡಿ 24 ಪೈಸೆ. ಪೋಸ್ಟಾಫೀಸಿನ ಮಾಮೂಲಿ ಉಳಿತಾಯ ಖಾತೆಯೇ (ಎಸ್.ಬಿ.) ವರ್ಷಕ್ಕೆ 4 ಪರ್ಸೆಂಟ್, ಅಂದರೆ 33 ಪೈಸೆ ಕೊಡುತ್ತದೆ. ಹಾಗಾಗಿ ಚೀಟಿಗೆ ಸೇರುವಾಗ ಮೊದಲ ಪ್ರಶ್ನೆ "ಡಿವಿಡೆಂಡ್ ಎಷ್ಟು ಬರುತ್ತೆ" ಅಂತ ಆಗಬಾರದು, "ಕಮಿಷನ್ ಎಷ್ಟು" ಅಂತ ಆಗಬೇಕು.

ಇದೆಲ್ಲ ನೋಡಿದ ಮೇಲೆ ಚೀಟಿಯನ್ನು ನಾನು ಸಾಲದ ಪಟ್ಟಿಗೆ ಸೇರಿಸಿದ್ದೇನೆ. ಬ್ಯಾಂಕು ಸಾಲ ಕೊಡದವರಿಗೆ, ಸಂಬಳದ ಸ್ಲಿಪ್ಪು ಇಲ್ಲದವರಿಗೆ, ಅಂಗಡಿಗೆ ಮಾಲು ತುಂಬಿಸಬೇಕಾದವರಿಗೆ ಅದು ನಿಜವಾಗಿಯೂ ಉಪಕಾರ. ಐದು ರೂಪಾಯಿ ಕೈಸಾಲದ ಬದಲು ಎರಡು ರೂಪಾಯಿಗೆ ದುಡ್ಡು ಸಿಗುತ್ತದಲ್ಲ. ಆದರೆ ಮನೆಯಲ್ಲಿ ಒಂದು ಸರ ಇದ್ದರೆ ಮೊದಲ ತಿಂಗಳೇ ಕೂಗಬೇಡಿ. ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ಒಂದು ರೂಪಾಯಿ ಬಡ್ಡಿಯ ಒಳಗೇ ಸಿಗುತ್ತದೆ.

ಸೇರಲೇಬೇಕು ಅಂತಿದ್ದರೆ ನೋಂದಣಿಯಾದ ಚೀಟಿಗೇ ಸೇರಿ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ಕಾಯ್ದೆ ಪ್ರಕಾರ ಚೀಟಿ ಶುರುಮಾಡುವ ಮೊದಲೇ ನೋಂದಣಾಧಿಕಾರಿಯ ಅನುಮತಿ ಬೇಕು, ಚೀಟಿಯ ಪೂರ್ತಿ ಮೊತ್ತದಷ್ಟು ಭದ್ರತೆ ಇಡಬೇಕು, ಒಪ್ಪಂದದ ಪ್ರತಿ ನಿಮಗೆ ಕೊಡಬೇಕು. ರಾಜ್ಯ ಸರ್ಕಾರದ ಎಂ.ಎಸ್.ಐ.ಎಲ್. ಕಂಪನಿ ಕೂಡ ಚೀಟಿ ನಡೆಸುತ್ತದೆ.

ಇನ್ನೊಂದು ವಿಷಯ ಜಾಮೀನು. ನಾನು ಸೇರಿದ್ದು ಒಂದು ನೋಂದಾಯಿತ ಕಂಪನಿಯ ಚೀಟಿಗೆ. 14ನೇ ತಿಂಗಳು ಅತ್ತೆಯ ಕಣ್ಣಿನ ಆಪರೇಷನ್‌ಗೆ ಅಂತ ಕೂಗಿ ಎತ್ತಿದೆ. ಎತ್ತಿದ ಮೇಲೆ ಇಬ್ಬರು ಸರ್ಕಾರಿ ನೌಕರರ ಜಾಮೀನು ತನ್ನಿ ಅಂದರು. ನಮಗೆ ಗೊತ್ತಿದ್ದದ್ದು ಒಬ್ಬರೇ, ದೊಡ್ಡಪ್ಪನ ಮಗ, ಮೇಷ್ಟ್ರು. ಎರಡನೆಯವರನ್ನು ಹುಡುಕಿ, ಅವರ ಸಂಬಳದ ಪ್ರಮಾಣಪತ್ರ ತಂದು, ದುಡ್ಡು ಕೈಗೆ ಬರೋಕೆ ಐದು ವಾರ ಆಯಿತು. ಅಷ್ಟರಲ್ಲಿ ಆಪರೇಷನ್ನು ಬೇರೆ ಕಡೆ ಸಾಲ ತಂದು ಮಾಡಿಸಿ ಆಗಿತ್ತು. ಜಾಮೀನು ಕೇಳುವುದು ತಪ್ಪಲ್ಲ, ಎತ್ತಿದವರು ಕಟ್ಟದೆ ಹೋದರೆ ಉಳಿದವರ ಗತಿ ಏನು ಅಂತ ಅದು ಬೇಕೇ ಬೇಕು. ಆದರೆ ಯಾರ್‍ಯಾರು ಜಾಮೀನು ಹಾಕಬಹುದು ಎಂದು ಸೇರುವ ದಿನವೇ ಕೇಳಿಕೊಳ್ಳಿ. ಆಸ್ಪತ್ರೆ ಖರ್ಚಿಗೆ ಚೀಟಿಯನ್ನು ನಂಬಿಕೊಂಡು ಕೂರಬೇಡಿ.

ಆರ್.ಡಿ.

ಇದರ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಅದೇ ಇದರ ಒಳ್ಳೆಯ ಗುಣ. ಪೋಸ್ಟಾಫೀಸಿನ ಆರ್.ಡಿ. ಐದು ವರ್ಷದ್ದು, 60 ಕಂತು. ತಿಂಗಳಿಗೆ 100 ರೂಪಾಯಿಯಿಂದ ಶುರುಮಾಡಬಹುದು. ಬಡ್ಡಿ ದರ 2023ರ ಅಕ್ಟೋಬರ್‌ನಲ್ಲಿ 6.7 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಆದರೆ ನೀವು ಖಾತೆ ತೆರೆದ ದಿನ ಇದ್ದ ದರವೇ ಕೊನೆಯವರೆಗೂ. 6.7ರ ಲೆಕ್ಕದಲ್ಲಿ ತಿಂಗಳಿಗೆ 5,000 ಕಟ್ಟಿದರೆ ನೀವು ಹಾಕಿದ ಮೂರು ಲಕ್ಷ ಸುಮಾರು 3,56,800 ಆಗಿ ಬರುತ್ತದೆ.

ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಶುರುಮಾಡಬೇಕು. 12 ಕಂತು ಕಟ್ಟಿದ ಮೇಲೆ ಖಾತೆಯಲ್ಲಿ ಇರುವುದರ ಅರ್ಧದವರೆಗೆ ಸಾಲ ಕೊಡುತ್ತಾರೆ. ಮೂರು ವರ್ಷಕ್ಕೆ ಮೊದಲು ಮುಚ್ಚೋಕೆ ಬರುವುದಿಲ್ಲ, ಆಮೇಲೆ ಮುಚ್ಚಿದರೆ ಎಸ್.ಬಿ. ಖಾತೆಯ ಬಡ್ಡಿ ಮಾತ್ರ. ಮನೆಗೆ ಬಂದು ದುಡ್ಡು ತೆಗೆದುಕೊಂಡು ಹೋಗುವ ಮಹಿಳಾ ಏಜೆಂಟರಿಗೆ ಕಮಿಷನ್ ಕೊಡುವುದು ಸರ್ಕಾರ, ನೀವಲ್ಲ. ಅವರ ಕಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳಿ, ಎರಡು ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಕೇಳಿ ನೋಡಿ.

ಐದು ವರ್ಷ ಉದ್ದ ಆಯಿತು ಅನ್ನುವವರಿಗೆ ಬ್ಯಾಂಕಿನ ಆರ್.ಡಿ. ಇದೆ, ಒಂದು ವರ್ಷಕ್ಕೂ ತೆರೆಯಬಹುದು. ಮಕ್ಕಳ ಸ್ಕೂಲ್ ಫೀಸಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಫೀಸು 36,000 ಇದ್ದರೆ ತಿಂಗಳಿಗೆ 3,000. ಮೇ ಕೊನೆಗೆ ಮುಗಿಯುವ ಹಾಗೆ ತೆರೆದರೆ ಜೂನಿನಲ್ಲಿ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಬ್ಯಾಂಕಿನಲ್ಲಿ ಇಟ್ಟದ್ದಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯೂ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದು ಲಕ್ಷ ಮಾತ್ರ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ, ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಬೋರ್ಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ ಅಂತ ಹೋಗುವ ಮೊದಲು ಅದು ಬ್ಯಾಂಕೋ ಸಂಘವೋ ಎಂದು ನೇರವಾಗಿ ಕೇಳಿಬಿಡಿ.

ಗೃಹಲಕ್ಷ್ಮಿಯ 2,000ವನ್ನು ಆರ್.ಡಿ.ಗೆ ಹಾಕಬಹುದಾ ಎಂದು ನನ್ನ ತಂಗಿ ಕೇಳಿದ್ದಳು. ಹಾಕಬಹುದು, ಆದರೆ ಆ ದುಡ್ಡು ಇಂಥದೇ ತಾರೀಖಿಗೆ ಬರುತ್ತದೆ ಅಂತ ಹೇಳೋಕೆ ಆಗುವುದಿಲ್ಲ. ಹಾಗಾಗಿ ಎರಡು ಮೂರು ಕಂತಿನ ದುಡ್ಡು ಎಸ್.ಬಿ.ಯಲ್ಲಿ ನಿಂತ ಮೇಲೆ ಆರ್.ಡಿ. ತೆರೆ ಅಂದೆ. ಆಗ ಒಂದು ತಿಂಗಳು ತಡವಾದರೂ ದಂಡ ಬೀಳುವುದಿಲ್ಲ.

ದಿನದ ಸಂಪಾದನೆಯವರಿಗೆ ತಿಂಗಳ ಕಂತು ಕಷ್ಟ. ಹೂ ಮಾರುವವರು, ಆಟೋ ಓಡಿಸುವವರು ದಿನಕ್ಕೆ ಇಷ್ಟು ಅಂತ ಪಿಗ್ಮಿ ಕಟ್ಟುವುದು ಅದಕ್ಕೇ. ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯಲ್ಲೇ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕಿನಲ್ಲಿ. ದಿನಕ್ಕೆ ಎರಡಾಣೆಯಿಂದ ಶುರು. ಬಡ್ಡಿ ಆರ್.ಡಿ.ಗಿಂತ ಕಡಿಮೆ, ಮಧ್ಯದಲ್ಲಿ ಮುಚ್ಚಿದರೆ ಕಳೆಯುತ್ತಾರೆ. ಆದರೂ ಸಂಜೆ ಖರ್ಚಾಗಿ ಹೋಗುವ ಐವತ್ತು ರೂಪಾಯಿ ಉಳಿಯುತ್ತದಲ್ಲ, ಅದರ ಮುಂದೆ ಬಡ್ಡಿ ಲೆಕ್ಕ ದೊಡ್ಡದಲ್ಲ.

ಚಿನ್ನದ ಸ್ಕೀಮು

ಇದರಲ್ಲಿ ಎರಡು ಥರ. ಒಂದರಲ್ಲಿ 11 ತಿಂಗಳು ಕಟ್ಟಿ, ಕೊನೆಗೆ ಅಂಗಡಿಯವರು ಒಂದು ಕಂತೋ ಅರ್ಧ ಕಂತೋ ಸೇರಿಸುತ್ತಾರೆ. ಇನ್ನೊಂದರಲ್ಲಿ ನೀವು ಕಟ್ಟಿದ ದಿನದ ರೇಟಿಗೆ ಅಷ್ಟು ಗ್ರಾಂ ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ, ಕೊನೆಗೆ ವೇಸ್ಟೇಜ್‌ನಲ್ಲಿ (ಒಡವೆ ಮಾಡುವಾಗ ಸವೆಯುವ ಚಿನ್ನಕ್ಕೆ ಅಂತ ಹಾಕುವ ದುಡ್ಡು) ರಿಯಾಯಿತಿ. 11 ತಿಂಗಳೇ ಯಾಕೆ? ಮಾಲಿಗೆ ಅಂತ ಮುಂಗಡ ತೆಗೆದುಕೊಂಡ ಕಂಪನಿ 365 ದಿನದೊಳಗೆ ಮಾಲು ಕೊಡದಿದ್ದರೆ ಅದು ಠೇವಣಿ ಅನ್ನಿಸಿಕೊಳ್ಳುತ್ತದೆ, ಠೇವಣಿಗೆ ಬೇರೆ ಕಟ್ಟುನಿಟ್ಟಾದ ನಿಯಮಗಳಿವೆ. ಹಾಗಾಗಿ ವರ್ಷ ತುಂಬುವ ಮೊದಲೇ ಒಡವೆ ತೆಗೆದುಕೊಂಡು ಹೋಗಿ ಅನ್ನುತ್ತಾರೆ. ಈ ದುಡ್ಡಿಗೆ ಬ್ಯಾಂಕಿನ ಥರ ವಿಮೆ ಇಲ್ಲ. ಅಂಗಡಿ ಮುಚ್ಚಿದರೆ ನಿಮ್ಮ ಕಂತೂ ಅದರ ಜೊತೆಗೇ ಹೋಗಬಹುದು.

ಈಗ ಲೆಕ್ಕ. 5,000ದ 11 ಕಂತು, 55,000. ಅಂಗಡಿಯವರು ಪೂರ್ತಿ ಒಂದು ಕಂತು ಸೇರಿಸಿದರೆ 60,000. ಬರೀ ಇಷ್ಟೇ ನೋಡಿದರೆ ಒಂದೂವರೆ ರೂಪಾಯಿ ಬಡ್ಡಿ! ಚೀಟಿ, ಆರ್.ಡಿ. ಎರಡೂ ಇದರ ಮುಂದೆ ಏನೂ ಅಲ್ಲ.

ಆದರೆ ಆ 60,000ಕ್ಕೆ ಅದೇ ಅಂಗಡಿಯಲ್ಲಿ ಒಡವೆ ಕೊಳ್ಳಬೇಕು. ಅಲ್ಲಿ ವೇಸ್ಟೇಜು, ಮಜೂರಿ ಸೇರಿ 14 ಪರ್ಸೆಂಟ್ ಅನ್ನಿ. 60,000ದಲ್ಲಿ ನಿಜವಾದ ಚಿನ್ನ ಸುಮಾರು 52,630 ರೂಪಾಯಿಯದ್ದು. ಅದೇ ಥರದ ಒಡವೆ ಬೇರೆ ಅಂಗಡಿಯಲ್ಲಿ 8 ಪರ್ಸೆಂಟ್‌ಗೆ ಸಿಗುತ್ತದೆ ಅನ್ನಿ. ನೀವು ಅಷ್ಟೂ ತಿಂಗಳು ಬ್ಯಾಂಕ್ ಆರ್.ಡಿ. ಕಟ್ಟಿ, 6.7ರ ದರದಲ್ಲಿ 1,840 ಬಡ್ಡಿ ಬಂದು, 56,840 ಹಿಡಿದುಕೊಂಡು ಆ ಎರಡನೇ ಅಂಗಡಿಗೆ ಹೋದರೆ ಸಿಗುವ ಚಿನ್ನವೂ ಸುಮಾರು 52,630 ರೂಪಾಯಿಯದ್ದೇ. ಒಂದು ಕಂತು ಫ್ರೀ ಅಂದದ್ದು ಪೂರ್ತಿ ವೇಸ್ಟೇಜ್‌ನಲ್ಲಿ ವಾಪಸ್ ಹೋಯಿತು. ಮೊದಲ ಅಂಗಡಿಯ ವೇಸ್ಟೇಜು 18 ಇದ್ದರೆ ನಿಮಗೆ ನಷ್ಟ. ಮೂರು ಪರ್ಸೆಂಟ್ ಜಿ.ಎಸ್.ಟಿ. ಎರಡೂ ಕಡೆ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೆ ನಂಬೋಕೆ ಆಗಲಿಲ್ಲ, ಮೂರು ಸಲ ಹಾಕಿದೆ. ಅದಕ್ಕೇ ಸ್ಕೀಮಿಗೆ ಸೇರುವ ಮೊದಲು ಬಡ್ಡಿ ಕೇಳಬೇಡಿ, ನಿಮಗೆ ಬೇಕಾದ ಬಳೆಯನ್ನೋ ಸರವನ್ನೋ ತೋರಿಸಿ ಇವತ್ತು ಇದರ ವೇಸ್ಟೇಜು ಎಷ್ಟು ಎಂದು ಕೇಳಿ. ಇನ್ನೆರಡು ಅಂಗಡಿಯಲ್ಲೂ ಅದನ್ನೇ ಕೇಳಿ, ಬರೆದಿಟ್ಟುಕೊಳ್ಳಿ. ಚಿನ್ನದ ನಾಣ್ಯಕ್ಕೆ ಸ್ಕೀಮಿನ ದುಡ್ಡು ಬಳಸಬಹುದಾ, ಹಳೆಯ ಚಿನ್ನದ ಜೊತೆ ಸೇರಿಸಬಹುದಾ, ಒಂದು ಕಂತು ತಪ್ಪಿದರೆ ಬೋನಸ್ ಹೋಗುತ್ತದಾ ಎಂದೂ ಕೇಳಿ. ಎಲ್ಲಿಯೇ ಕೊಂಡರೂ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ, ಹೆಚ್.ಯು.ಐ.ಡಿ., ಇರಬೇಕು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಕಡ್ಡಾಯ ಇರುವ ಒಡವೆಗಳನ್ನು ಅದಿಲ್ಲದೆ ಅಂಗಡಿಯವರು ಮಾರುವ ಹಾಗಿಲ್ಲ. ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ಬರುತ್ತದೆ.

ರೇಟು ಏರುತ್ತಿರುವಾಗ ಗ್ರಾಂ ಲೆಕ್ಕದ ಸ್ಕೀಮು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಗಳ ಮದುವೆಯೋ ತಂಗಿಯ ಸೀಮಂತವೋ ವರ್ಷದೊಳಗೆ ಇದೆ, ಒಡವೆ ಕೊಳ್ಳುವುದು ಖಂಡಿತ ಅಂದರೆ ಅದನ್ನೇ ಆರಿಸಿಕೊಳ್ಳಿ. ಸುಮ್ನೆ ಉಳಿತಾಯ ಆಗಲಿ ಅಂತ ಸೇರುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ಜ್ವರ ಬಂದಾಗ ಆ ಒಡವೆ ಮಾರಲು ಹೋದರೆ ವೇಸ್ಟೇಜು, ಜಿ.ಎಸ್.ಟಿ. ಎರಡೂ ವಾಪಸ್ ಬರುವುದಿಲ್ಲ. ಹತ್ತು ವರ್ಷ ತುಂಬದ ಹೆಣ್ಣು ಮಗು ಇದ್ದು, ಯೋಚನೆ ಅವಳ ಮುಂದಿನ ಓದಿನ ಬಗ್ಗೆ ಇದ್ದರೆ, ಸರ್ಕಾರದ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿ 2024ರ ಜನವರಿಯಿಂದ 8.2 ಕೊಡುತ್ತಿದೆ, ಅಂದರೆ 68 ಪೈಸೆ. ಅವಳಿಗೆ ಹದಿನೆಂಟು ತುಂಬುವವರೆಗೂ ಅಥವಾ ಹತ್ತನೇ ಕ್ಲಾಸು ಪಾಸಾಗುವವರೆಗೂ ಓದಿಗೆ ಅಂತ ಆ ದುಡ್ಡು ತೆಗೆಯೋಕೆ ಆಗುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ಹಬ್ಬದ ಚೀಟಿ

ಅಮ್ಮನ ವಿಷಯ ಹೇಳುತ್ತೇನೆ ಅಂದಿದ್ದೆ. ನಮ್ಮ ಮೈಸೂರು, ಮಂಡ್ಯ ಕಡೆ ಯುಗಾದಿ ಚೀಟಿ ಅಂತ ಇದೆ. ತಿಂಗಳಿಗೆ ಇಷ್ಟು ಅಂತ ವರ್ಷ ಪೂರ್ತಿ ಕಟ್ಟಿದರೆ ಹಬ್ಬಕ್ಕೆ ಎಣ್ಣೆ, ಬೆಲ್ಲ, ಬೇಳೆ, ಒಂದು ಸೀರೆ, ಒಂದು ಪಾತ್ರೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮಟನ್ ಚೀಟಿಯೂ ಇದೆ. ಅಮ್ಮ ತಿಂಗಳಿಗೆ 300ರಂತೆ ಕಟ್ಟುತ್ತಿದ್ದರು, ನಾಲ್ಕು ವರ್ಷ ಎಲ್ಲ ಸರಿಯಾಗಿಯೇ ಬಂತು. ಐದನೇ ವರ್ಷ ಹಬ್ಬಕ್ಕೆ ಹತ್ತು ದಿನ ಇರುವಾಗ ನಡೆಸುತ್ತಿದ್ದವರ ಮನೆಗೆ ಬೀಗ. ಅಮ್ಮನ 3,300 ಹೋದದ್ದು ದೊಡ್ಡ ವಿಷಯ ಆಗಿರಲಿಲ್ಲ. ಆದರೆ ಬೀದಿಯ ನಾಲ್ಕು ಮನೆಯವರನ್ನು ಅದಕ್ಕೆ ಸೇರಿಸಿದ್ದು ಅಮ್ಮನೇ. ಅವರು ಯಾರೂ ಕೇಳಲಿಲ್ಲ, ಆದರೂ ಅಮ್ಮ ಒಂದೂವರೆ ವರ್ಷ ತಗೊಂಡು ನಾಲ್ವರಿಗೂ ತಮ್ಮ ಕೈಯಿಂದಲೇ ಕೊಟ್ಟು ಮುಗಿಸಿದರು. ಕೈಯಲ್ಲಿ ಇದ್ದದ್ದು ಸಹಿ ಹಾಕಿದ ಒಂದು ರಟ್ಟಿನ ಕಾರ್ಡು ಮಾತ್ರ, ಅದರ ಮೇಲೆ ಪೂರ್ತಿ ಹೆಸರೂ ಇರಲಿಲ್ಲ.

ಇಂಥದ್ದಕ್ಕೆ ಕಾನೂನು ಇಲ್ಲ ಅಂತಲ್ಲ. ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರದ ಕಾಯ್ದೆಯೂ ಇದೆ. ಆದರೆ 3,300 ರೂಪಾಯಿಗೆ ಸ್ಟೇಷನ್ ಮೆಟ್ಟಿಲು ಹತ್ತುವವರು ಎಷ್ಟು ಜನ? ಹಬ್ಬದ ಚೀಟಿಯಲ್ಲಿ ಸಿಗುವ ಸಾಮಾನಿನ ಬೆಲೆಯನ್ನು ಒಂದು ಸಲ ಹೋಲ್‌ಸೇಲ್ ಅಂಗಡಿಯಲ್ಲಿ ಕೇಳಿ ಕೂಡಿಸಿ ನೋಡಿ. ಕಟ್ಟಿದ ದುಡ್ಡಿಗಿಂತ ಅದು ತೀರಾ ಜಾಸ್ತಿ ಇದ್ದರೆ ಖುಷಿಪಡಬೇಡಿ. ಆ ಹೆಚ್ಚಿನ ದುಡ್ಡು ಎಲ್ಲಿಂದ ಬರುತ್ತಿದೆ ಎಂದು ನಡೆಸುವವರನ್ನೇ ಕೇಳಿ.

ಈಗ ನಮ್ಮ ಮನೆಯ ಐದು ಸಾವಿರ ಹೀಗೆ ಹೋಗುತ್ತದೆ. 3,000 ಬ್ಯಾಂಕ್ ಆರ್.ಡಿ., ಜೂನಿನ ಫೀಸಿಗೆ. 500 ಪೋಸ್ಟಾಫೀಸಿಗೆ. 1,000 ಎಸ್.ಬಿ. ಖಾತೆಯಲ್ಲಿ ಹಾಗೇ ಇರುತ್ತದೆ, ಅದು ಆಸ್ಪತ್ರೆಯದ್ದು, ಅದಕ್ಕೆ ಎ.ಟಿ.ಎಂ. ಕಾರ್ಡು ಇದೆ, ಜಾಮೀನು ಬೇಕಿಲ್ಲ. ಚೀಟಿ ಸದ್ಯಕ್ಕೆ ಇಲ್ಲ. ಚಿನ್ನದ ಸ್ಕೀಮಿಗೆ ಮಗಳ ಮದುವೆ ಗೊತ್ತಾದ ವರ್ಷ ಸೇರುತ್ತೇನೆ ಅಂತ ಅತ್ತೆಗೆ ಮಾತು ಕೊಟ್ಟಿದ್ದೇನೆ. ಉಳಿದ 500 ಅಮ್ಮನ ಹೆಸರಿನಲ್ಲಿ ಒಂದು ವರ್ಷದ ಆರ್.ಡಿ., ಪ್ರತಿ ವರ್ಷ ಯುಗಾದಿಗೆ ಹದಿನೈದು ದಿನ ಮುಂಚೆ ಮುಗಿಯುವ ಹಾಗೆ ತೆರೆಯುತ್ತೇವೆ. ದುಡ್ಡು ಕೈಗೆ ಬಂದ ದಿನ ಅಮ್ಮ ಆ ನಾಲ್ಕು ಮನೆಯವರನ್ನೂ ಕರೆದುಕೊಂಡು ಹೋಲ್‌ಸೇಲ್ ಅಂಗಡಿಗೆ ಹೋಗುತ್ತಾರೆ. ಐದೂ ಮನೆಗೆ ಸೇರಿಸಿ ಕೊಂಡರೆ ಎಣ್ಣೆ ಟಿನ್ನಿಗೆ, ಬೆಲ್ಲದ ಮೂಟೆಗೆ ರೇಟು ಇಳಿಸುತ್ತಾರೆ. ಅವರೆಲ್ಲರೂ ಈಗ ಸ್ವಂತ ಆರ್.ಡಿ. ಕಟ್ಟುತ್ತಿದ್ದಾರೆ, ಪಾಸ್‌ಬುಕ್ಕು ಅವರವರ ಮನೆಯಲ್ಲೇ ಇದೆ.